ಏಲಕ್ಕಿ ಒಣಗಿಸುವ ಮನೆಯಲ್ಲಿ ಹೊಗೆ ಕೊಳವೆಯ ಸೋರಿಕೆ: ಕಾರಣ ಮತ್ತು ಪರಿಹಾರ

ಮಲೆನಾಡಿನ ಏಲಕ್ಕಿ ಬೆಳೆಗಾರರಿಗೆ ಕೊಯ್ಲಿನಷ್ಟೇ ಮುಖ್ಯವಾದ ಘಟ್ಟ ಕಾಯಿ ಒಣಗಿಸುವುದು. ಹಸಿ ಕಾಯಿಯಲ್ಲಿ ಶೇ. 80ರ ಆಸುಪಾಸಿನಲ್ಲಿರುವ ತೇವಾಂಶವನ್ನು ಶೇ. 10ರ ಮಟ್ಟಕ್ಕೆ ಇಳಿಸಬೇಕು. ಅದೂ 45ರಿಂದ 55 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಹಸಿರು ಬಣ್ಣವೂ ಪರಿಮಳವೂ ಕೆಡದಂತೆ. ಇದಕ್ಕಾಗಿ ನಮ್ಮ ತೋಟಗಳಲ್ಲಿ ರೂಢಿಯಲ್ಲಿರುವ ವ್ಯವಸ್ಥೆ ಸರಳವಾದುದು: ಗೋಡೆಯ ಹೊರಗೆ ಬೆಂಕಿಯ ಒಲೆ, ಕೋಣೆಯ ನೆಲಮಟ್ಟದಲ್ಲಿ ಹಾಯುವ ದಪ್ಪ ತಗಡಿನ ಕೊಳವೆ, ಅದರ ಮೇಲೆ ಸಾಲು ಸಾಲು ತಟ್ಟೆಗಳು, ಕೊನೆಯಲ್ಲಿ ಚಿಮಣಿ. ಬೆಂಕಿಯ ಬಿಸಿ ಕೊಳವೆಯ ಮೈಯಿಂದ ಕೋಣೆಗೆ ಇಳಿಯಬೇಕು. ಹೊಗೆ ಮಾತ್ರ ಕೋಣೆಗೆ ಇಣುಕದೆ ಹೊರಗೆ ಹೋಗಬೇಕು. ಹುಣಸೂರು, ಪಿರಿಯಾಪಟ್ಟಣ ಭಾಗದ ತಂಬಾಕು ಬ್ಯಾರನ್‌ಗಳು ಕೆಲಸ ಮಾಡುವುದೂ ಇದೇ ತತ್ತ್ವದ ಮೇಲೆ.

ಸೌದೆಯ ಅಭಾವ ಮತ್ತು ರಾತ್ರಿಯಿಡೀ ಬೆಂಕಿ ನೋಡಿಕೊಳ್ಳುವ ಆಳುಗಳ ಕೊರತೆಯಿಂದಾಗಿ ಹಲವು ಬೆಳೆಗಾರರು ಹಳೆಯ ಸೌದೆ ಒಲೆಯ ಬಾಯಿಗೆ ಪೆಲೆಟ್ ಬರ್ನರ್ ಜೋಡಿಸಿಕೊಳ್ಳುತ್ತಿದ್ದಾರೆ. ಮರದ ಪುಡಿ, ಕಾಫಿ ಸಿಪ್ಪೆ, ಶೇಂಗಾ ಸಿಪ್ಪೆಗಳನ್ನು ಒತ್ತಿ ಮಾಡಿದ ಪೆಲೆಟ್‌ಗಳು ಸಮನಾಗಿ ಉರಿಯುತ್ತವೆ, ಉಷ್ಣತೆಯ ಹತೋಟಿಯೂ ಸುಲಭ. ಆದರೆ ಹೀಗೆ ಬದಲಾಯಿಸಿಕೊಂಡವರಲ್ಲಿ ಅನೇಕರಿಂದ ಕೇಳಿಬರುವ ದೂರು ಒಂದೇ: "ಸೌದೆ ಉರಿಸುವಾಗ ಇಲ್ಲದ ಹೊಗೆ ಈಗ ಕೋಣೆಯೊಳಗೆ ಬರುತ್ತಿದೆ. ಕೊಳವೆಯ ಜೋಡಣೆಗಳಿಗೆ ಎಷ್ಟು ಮಣ್ಣು ಮೆತ್ತಿದರೂ ನಿಲ್ಲುತ್ತಿಲ್ಲ."

ಮೆತ್ತಿದ ಮಣ್ಣು ಏಕೆ ನಿಲ್ಲುವುದಿಲ್ಲ ಎಂಬುದನ್ನು ತಿಳಿಯದೆ ಈ ಸೋರಿಕೆಯನ್ನು ಸರಿಪಡಿಸಲಾಗದು. ಹೆಚ್ಚಿನ ಸಂದರ್ಭಗಳಲ್ಲಿ ದೋಷ ತೂತಿನದಲ್ಲ, ಒತ್ತಡದ್ದು.

ಹೊಗೆ ವಾಸನೆಗಿಂತ ದೊಡ್ಡ ಅಪಾಯ

ಏಲಕ್ಕಿಯ ಬೆಲೆ ಅದರ ಬಣ್ಣ ಮತ್ತು ಪರಿಮಳದಲ್ಲಿದೆ. ಬಿಸಿಯಾದ ಕಾಯಿ ಸುತ್ತಲಿನ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ. ಒಮ್ಮೆ ಹಿಡಿದ ಹೊಗೆಯ ಕಮಟು ಎಷ್ಟು ಗಾಳಿಗೆ ಹರಡಿದರೂ ಪೂರ್ತಿ ಹೋಗುವುದಿಲ್ಲ. ಇದು ಬೆಳೆಗಾರರಿಗೆ ಗೊತ್ತಿರುವ ನಷ್ಟ.

ಗೊತ್ತಿಲ್ಲದೆ ಆಗುವ ಹಾನಿ ಇನ್ನೊಂದಿದೆ. ಕೊಳವೆಯಿಂದ ಹೊಗೆಯೊಂದಿಗೆ ಕಾರ್ಬನ್ ಮೋನಾಕ್ಸೈಡ್ ಎಂಬ ಅನಿಲವೂ ಹೊರಬರುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಆದ್ದರಿಂದ ಗಾಳಿಯಲ್ಲಿ ಅಲ್ಪ ಪ್ರಮಾಣದಲ್ಲಿದ್ದರೂ ಗಂಟೆಗಟ್ಟಲೆ ಉಸಿರಾಡಿದವರಿಗೆ ತಲೆನೋವು, ತಲೆಸುತ್ತು, ವಾಕರಿಕೆ, ಕೊನೆಗೆ ಪ್ರಜ್ಞಾಹೀನತೆ ಉಂಟಾಗುತ್ತದೆ. ಪೆಲೆಟ್ ಚೆನ್ನಾಗಿ ಉರಿಯುತ್ತಿರುವಾಗ ಕಣ್ಣಿಗೆ ಕಾಣುವ ಹೊಗೆ ಬಹಳ ಕಡಿಮೆ. ಹೊಗೆ ಕಾಣುತ್ತಿಲ್ಲವೆಂದ ಮಾತ್ರಕ್ಕೆ ಸೋರಿಕೆ ಇಲ್ಲವೆಂದು ಭಾವಿಸುವಂತಿಲ್ಲ. ಮಳೆ, ಚಳಿಯ ರಾತ್ರಿಗಳಲ್ಲಿ ಬೆಂಕಿ ನೋಡಿಕೊಳ್ಳುವವರು ಬೆಚ್ಚಗಿರುವ ಈ ಮನೆಯಲ್ಲೇ, ಬಾಗಿಲು ಮುಚ್ಚಿಕೊಂಡು ಮಲಗುವುದು ನಮ್ಮಲ್ಲಿ ಸಾಮಾನ್ಯ. ಈ ಪದ್ಧತಿಯನ್ನು ಕಡ್ಡಾಯವಾಗಿ ನಿಲ್ಲಿಸಬೇಕು.

ಚಿಮಣಿಯ ಎಳೆತ

ಚಿಮಣಿಯೊಳಗಿನ ಬಿಸಿ ಗಾಳಿ ಹೊರಗಿನ ತಣ್ಣನೆಯ ಗಾಳಿಗಿಂತ ಹಗುರ. ಈ ತೂಕದ ವ್ಯತ್ಯಾಸವೇ ಹೊಗೆಯನ್ನು ಮೇಲಕ್ಕೆ ಎಳೆಯುವ ಶಕ್ತಿ. 20 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 1.2 ಕಿಲೋ ತೂಗಿದರೆ 150 ಡಿಗ್ರಿಯಲ್ಲಿ ಅದು 0.83 ಕಿಲೋಗೆ ಇಳಿಯುತ್ತದೆ. ಚಿಮಣಿ 5 ಮೀಟರ್ ಎತ್ತರವಿದ್ದರೆ ಇದರಿಂದ ದೊರೆಯುವ ಎಳೆತ ಸುಮಾರು 18 ಪಾಸ್ಕಲ್, ಎಂದರೆ ಎರಡು ಮಿಲಿಮೀಟರ್‌ಗಿಂತ ಕಡಿಮೆ ಎತ್ತರದ ನೀರಿನ ಒತ್ತಡ. ಇಷ್ಟು ಸಣ್ಣ ಬಲವನ್ನೇ ನಂಬಿ ಇಡೀ ವ್ಯವಸ್ಥೆ ನಡೆಯುತ್ತದೆ.

ಸೌದೆ ಒಲೆಯಲ್ಲಿ ಈ ಎಳೆತದಿಂದಾಗಿ ಕೊಳವೆಯೊಳಗಿನ ಒತ್ತಡ ಕೋಣೆಯ ಒತ್ತಡಕ್ಕಿಂತ ಕಡಿಮೆ ಇರುತ್ತದೆ. ಜೋಡಣೆ ಸಡಿಲವಿದ್ದರೂ ಕೋಣೆಯ ಗಾಳಿ ಕೊಳವೆಯೊಳಕ್ಕೆ ಹೋಗುತ್ತದೆಯೇ ಹೊರತು ಹೊಗೆ ಹೊರಕ್ಕೆ ಬರುವುದಿಲ್ಲ. ಹತ್ತಾರು ವರ್ಷ ಬಿರುಕು ಬಿಟ್ಟ ಕೊಳವೆಗಳಲ್ಲೇ ಒಳ್ಳೆಯ ಏಲಕ್ಕಿ ಒಣಗಿದ್ದು ಹೀಗೆ. ಪೆಲೆಟ್ ಬರ್ನರ್‌ನಲ್ಲಿ ಉರಿಗೆ ಗಾಳಿ ಒದಗಿಸಲು ಬ್ಲೋವರ್ ಇರುತ್ತದೆ. ಅದು ಗಾಳಿಯನ್ನು ಎಳೆಯುವ ಬದಲು ದೂಡುತ್ತದೆ. ಬರ್ನರ್ ಸಮೀಪದ ಕೊಳವೆಯಲ್ಲಿ ಒತ್ತಡ ಕೋಣೆಗಿಂತ ಹೆಚ್ಚಾಗಿ, ಅದುವರೆಗೆ ನಿರಪಾಯವಾಗಿದ್ದ ಅದೇ ಸಂದಿನಿಂದ ಹೊಗೆ ಹೊರಬೀಳುತ್ತದೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬಿಸಿ ವ್ಯರ್ಥವಾಗಬಾರದೆಂದು ಕೊಳವೆಯನ್ನು ಕೋಣೆಯಲ್ಲಿ ಹೆಚ್ಚೆಚ್ಚು ಸುತ್ತಿಸಿ, ಚಿಮಣಿಗೆ ಬರುವ ವೇಳೆಗೆ ಹೊಗೆಯನ್ನು 60 ಡಿಗ್ರಿಗೆ ತಣಿಸಿದರೆ ಅದೇ 5 ಮೀಟರ್ ಚಿಮಣಿಯ ಎಳೆತ ಸುಮಾರು 7 ಪಾಸ್ಕಲ್‌ಗೆ ಕುಸಿಯುತ್ತದೆ. ಜೊತೆಗೆ ಹೊಗೆಯಲ್ಲಿನ ನೀರಾವಿ ಹನಿಗಟ್ಟಿ, ಆಮ್ಲೀಯ ದ್ರವವಾಗಿ ತಗಡನ್ನು ತಿನ್ನುತ್ತದೆ. ಚಿಮಣಿಯ ಬುಡದಲ್ಲಿ ಹೊಗೆಯ ಉಷ್ಣತೆ 100 ಡಿಗ್ರಿಗಿಂತ ಕೆಳಗಿಳಿಯದಂತೆ ನೋಡಿಕೊಳ್ಳುವುದು ಸೂಕ್ತ. ಆ ಬಿಸಿ ವ್ಯರ್ಥವಾಗುವುದಿಲ್ಲ. ಹೊಗೆಯನ್ನು ಹೊರಗೆ ಸಾಗಿಸುವ ಕೆಲಸಕ್ಕೆ ಅದೇ ಕೂಲಿ.

ಒಂದು ತೋಟದ ಅನುಭವ

ಕೆಲವು ವರ್ಷಗಳ ಹಿಂದೆ ಸಕಲೇಶಪುರದ ಕಡೆಯ ಒಂದು ತೋಟಕ್ಕೆ ಹೋಗಿದ್ದೆ. ನಾನು ಬೇಸಾಯಶಾಸ್ತ್ರದವನು, ಯಂತ್ರೋಪಕರಣಗಳವನಲ್ಲ. ಏಲಕ್ಕಿಗೆ ಹೊಗೆ ವಾಸನೆ ಬರುತ್ತಿದೆ, ಕೊಯ್ಲಿನ ಹಂತದಲ್ಲಿ ಏನಾದರೂ ತಪ್ಪಿದೆಯೇ ಎಂದು ಕೇಳಲು ಬೆಳೆಗಾರರು ಕರೆಸಿದ್ದರು. ಕಾಯಿ ನಿರ್ದೋಷವಾಗಿತ್ತು. ಕೊಳವೆಯ ಐದು ಜೋಡಣೆಗಳಿಗೆ ಆ ಹಂಗಾಮಿನಲ್ಲೇ ಮೂರು ಬಾರಿ ಹುತ್ತದ ಮಣ್ಣು ಮೆತ್ತಲಾಗಿತ್ತು; ಮೂರು ಬಾರಿಯೂ ಅದು ಬಿರಿದು ಉದುರಿತ್ತು.

ಊದುಬತ್ತಿ ಹಚ್ಚಿ ಒಂದೊಂದೇ ಜೋಡಣೆಯ ಬಳಿ ಹಿಡಿದು ನೋಡಿದೆವು. ಐದೂ ಕಡೆ ಬತ್ತಿಯ ಹೊಗೆ ಕೊಳವೆಯಿಂದ ದೂರ ಸರಿಯುತ್ತಿತ್ತು, ಎಂದರೆ ಒಳಗಿನಿಂದ ಗಾಳಿ ಹೊರಗೆ ನುಗ್ಗುತ್ತಿತ್ತು. ಅಷ್ಟರಲ್ಲಿ ಕರೆಂಟು ಬೇರೆ ಸರ್ಕಿಟ್‌ನಲ್ಲಿದ್ದ ಎಕ್ಸಾಸ್ಟ್ ಫ್ಯಾನನ್ನು ಯಾರೋ ಯಾವುದೋ ಕಾರಣಕ್ಕೆ ನಿಲ್ಲಿಸಿದರು. ಬತ್ತಿಯ ಹೊಗೆ ತಿರುಗಿ ಜೋಡಣೆಯ ಸಂದಿನೊಳಕ್ಕೆ ಹೋಗತೊಡಗಿತು. ಬರ್ನರ್‌ಗೆ ಅತಿ ಸಮೀಪದ ಮೊದಲನೆಯ ಜೋಡಣೆಯೊಂದರಲ್ಲಿ ಮಾತ್ರ ಅದು ಹೊರಕ್ಕೇ ಬೀಸುತ್ತಿತ್ತು.

ಕಾರಣ ಸ್ಪಷ್ಟವಾಯಿತು. ತೇವ ಬೇಗ ಹೊರಹೋಗಲೆಂದು ಆ ವರ್ಷ ಕೋಣೆಗೆ 45 ಸೆಂಟಿಮೀಟರ್‌ನ ಎಕ್ಸಾಸ್ಟ್ ಫ್ಯಾನ್ ಕೂರಿಸಿದ್ದರು. ಥಂಡಿ ಗಾಳಿ ಬರುತ್ತದೆಂದು ಗೋಡೆಯ ಕೆಳಗಿನ ಗಾಳಿಕಿಂಡಿಗಳನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿದ್ದರು. ಫ್ಯಾನು ಗಾಳಿಯನ್ನು ಹೊರದೂಡುತ್ತದೆ, ಒಳಬರಲು ದಾರಿಯಿಲ್ಲ. ಕೋಣೆಯ ಒತ್ತಡ ಚಿಮಣಿಯ ಎಳೆತಕ್ಕಿಂತಲೂ ಕೆಳಗಿಳಿದು, ಫ್ಯಾನು ಕೊಳವೆಯ ಸಂದುಗಳಿಂದಲೇ ಗಾಳಿ ಹೀರುತ್ತಿತ್ತು. ಹಾಳೆ ಕಿತ್ತು ಕಿಂಡಿ ತೆರೆದ ಮೇಲೆ ಫ್ಯಾನು ನಡೆಯುತ್ತಿದ್ದಾಗಲೂ ನಾಲ್ಕು ಜೋಡಣೆಗಳಲ್ಲಿ ಹೊಗೆ ಹೊರಬರುವುದು ನಿಂತಿತು. ಮೊದಲನೆಯ ಜೋಡಣೆಯನ್ನು ಬಿಚ್ಚಿ ಸರಿಯಾಗಿ ಕಟ್ಟಬೇಕಾಯಿತು.

ಹೊರಡುವ ಮುನ್ನ ರಾತ್ರಿ ಬೆಂಕಿ ನೋಡಿಕೊಳ್ಳುವವರನ್ನು ಮಾತನಾಡಿಸಿದೆ. ತಿಂಗಳಿಂದ ಬೆಳಗಿನ ಜಾವ ತಲೆನೋವು, ವಾಕರಿಕೆ. ನಿದ್ದೆಗೆಟ್ಟದ್ದರಿಂದ ಎಂದುಕೊಂಡು ಮಾತ್ರೆ ನುಂಗುತ್ತಿದ್ದರಂತೆ. ರಜೆಯಲ್ಲಿ ಊರಿಗೆ ಹೋದಾಗ ತಲೆನೋವು ಇರುತ್ತಿರಲಿಲ್ಲ. ಆ ಮನೆಯವರು ಏಲಕ್ಕಿಯ ವಾಸನೆಗೆ ನನ್ನನ್ನು ಕರೆಸಿದ್ದರು, ಈ ತಲೆನೋವಿನ ಮಾತು ನಾನು ಕೇಳುವವರೆಗೆ ಬಂದಿರಲಿಲ್ಲ. ವಿಸ್ತರಣಾ ಕಾರ್ಯಕರ್ತರು ಇಂಥ ಭೇಟಿಗಳಲ್ಲಿ ರಾತ್ರಿ ಪಾಳಿಯವರ ಆರೋಗ್ಯವನ್ನು ಮೊದಲು ವಿಚಾರಿಸುವುದು ಒಳಿತು. ಕೆಲಸದ ಜಾಗದಲ್ಲಿ ಬಂದು, ಜಾಗ ಬಿಟ್ಟಾಗ ಹೋಗುವ ತಲೆನೋವು ಸೋರಿಕೆಯ ಲಕ್ಷಣವಾಗಿರುವ ಸಂಭವ ಹೆಚ್ಚು.

ಸೋರಿಕೆ ಪತ್ತೆ ಮಾಡುವ ವಿಧಾನ

ಪರೀಕ್ಷೆಯ ದಿನ ಕೋಣೆಯಲ್ಲಿ ಏಲಕ್ಕಿ ಇರಬಾರದು. ಮೊದಲು ಬೆಂಕಿಯಿಲ್ಲದೆ, ತಣ್ಣಗಿರುವ ಕೊಳವೆಯಲ್ಲಿ ಬ್ಲೋವರ್ ಮಾತ್ರ ನಡೆಸಿ, ಚಿಮಣಿಯ ಬಾಯಿಯನ್ನು ಒದ್ದೆ ಗೋಣಿಚೀಲದಿಂದ ಅರ್ಧ ಮುಚ್ಚಬೇಕು. ಸೋಪಿನ ನೀರನ್ನು ಕುಂಚದಿಂದ ಜೋಡಣೆ ಮತ್ತು ಬೆಸುಗೆಗಳ ಮೇಲೆ ಹಚ್ಚಿದರೆ ತೂತಿರುವಲ್ಲಿ ಗುಳ್ಳೆ ಏಳುತ್ತದೆ. ಗುಳ್ಳೆ ಎದ್ದ ಕಡೆಯೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿ, ಗೋಣಿಚೀಲವನ್ನು ಮರೆಯದೆ ತೆಗೆಯಬೇಕು.

ಅನಂತರ ಬೆಂಕಿ ಹಚ್ಚಿ, ಕೋಣೆ ಕಾದ ಮೇಲೆ, ಬಾಗಿಲನ್ನು ಒಣಗಿಸುವಾಗ ಇರುವಂತೆಯೇ ಮುಚ್ಚಿ, ಎಕ್ಸಾಸ್ಟ್ ಫ್ಯಾನ್ ನಡೆಸಿ ಊದುಬತ್ತಿಯ ಪರೀಕ್ಷೆ ಮಾಡಬೇಕು. ಬಾಗಿಲು ತೆರೆದಿಟ್ಟು ಮಾಡಿದ ಪರೀಕ್ಷೆಗೆ ಬೆಲೆಯಿಲ್ಲ. ಹೊರಗೆ ಒಬ್ಬರು ಕಾವಲಿರಲಿ. ಒಳಗೆ ಇರುವವರು ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದು ಬೇಡ. ಹೊಗೆ ಒಳಕ್ಕೆ ಸೆಳೆದರೆ ಆ ಜೋಡಣೆ ತುರ್ತಾಗಿ ಅಪಾಯಕಾರಿಯಲ್ಲ, ಆದರೂ ತಣ್ಣನೆಯ ಗಾಳಿ ಬೆರೆತು ಎಳೆತ ಕುಗ್ಗುವುದರಿಂದ ಅದನ್ನೂ ಮುಚ್ಚುವುದು ಲೇಸು. ಹೊರಕ್ಕೆ ಬೀಸಿದರೆ ಫ್ಯಾನ್ ನಿಲ್ಲಿಸಿ ಮತ್ತೆ ನೋಡಬೇಕು. ಫ್ಯಾನ್ ನಿಂತಾಗ ಸರಿಹೋದರೆ ಬೇಕಾಗಿರುವುದು ಗಾಳಿಕಿಂಡಿ. ಒಳಬರುವ ಕಿಂಡಿಗಳ ಒಟ್ಟು ವಿಸ್ತಾರ ಕನಿಷ್ಠ ಫ್ಯಾನಿನ ಬಾಯಿಯಷ್ಟಿರಬೇಕು. 45 ಸೆಂಟಿಮೀಟರ್ ಫ್ಯಾನಿಗೆ ಸುಮಾರು ಒಂದೂಮುಕ್ಕಾಲು ಚದರ ಅಡಿ. ಕಿಂಡಿಗೆ ಹಾಕಿದ ಸೊಳ್ಳೆಪರದೆ ದೂಳು ಹಿಡಿದು ಮುಚ್ಚಿಕೊಂಡಿದ್ದರೆ ಅದು ಕಿಂಡಿಯಲ್ಲ, ಗೋಡೆ.

ಜೋಡಣೆ ಮತ್ತು ಮುಚ್ಚುವ ಸಾಮಗ್ರಿ

ಮಣ್ಣು ಉದುರುವುದಕ್ಕೆ ಅದರ ಗುಣಮಟ್ಟ ಕಾರಣವಲ್ಲ. ಉಕ್ಕಿನ ಕೊಳವೆ ಕಾದಾಗ ಉದ್ದವಾಗುತ್ತದೆ. 6 ಮೀಟರ್ ಕೊಳವೆ 200 ಡಿಗ್ರಿಯಷ್ಟು ಹೆಚ್ಚು ಕಾದರೆ ಸುಮಾರು 14 ಮಿಲಿಮೀಟರ್ ಬೆಳೆಯುತ್ತದೆ, ತಣಿದಾಗ ಅಷ್ಟೇ ಕುಗ್ಗುತ್ತದೆ. ಪ್ರತಿ ಬಾರಿ ಬೆಂಕಿ ಹಾಕಿದಾಗಲೂ ಇದು ನಡೆಯುವುದರಿಂದ ಮಣ್ಣಾಗಲಿ ಸಿಮೆಂಟಾಗಲಿ ಬಿರಿಯದೆ ಇರಲಾರದು. ಆದ್ದರಿಂದ ಕೊಳವೆಯ ಒಂದು ತುದಿಯನ್ನು ಭದ್ರವಾಗಿ ಹಿಡಿಸಿ, ಇನ್ನೊಂದು ತುದಿ ಜಾರಲು ಅವಕಾಶ ಕೊಡಬೇಕು. ಜಾರುವ ಜೋಡಣೆಯಲ್ಲಿ ಒಂದು ಕೊಳವೆ ಇನ್ನೊಂದರೊಳಗೆ ಕನಿಷ್ಠ 5 ಸೆಂಟಿಮೀಟರ್ ಹೊಕ್ಕಿರಬೇಕು. ನಡುವಿನ ಸಂದಿಗೆ ಗ್ಲಾಸ್ ಫೈಬರ್ ಅಥವಾ ಸೆರಾಮಿಕ್ ಫೈಬರ್ ಹಗ್ಗವನ್ನು ಬಿಗಿಯಾಗಿ ತುರುಕಬೇಕು. ಹಗ್ಗ ಕೊಳವೆಯೊಂದಿಗೆ ಹಿಗ್ಗುತ್ತದೆ, ಕುಗ್ಗುತ್ತದೆ. ಹಳೆಯ ಆಸ್‌ಬೆಸ್ಟಾಸ್ ಹಗ್ಗ ಎಲ್ಲಿಯಾದರೂ ಉಳಿದಿದ್ದರೆ ಬಳಸಬಾರದು. ಅದರ ನಾರು ಶ್ವಾಸಕೋಶಕ್ಕೆ ಹಾನಿಕರ.

ಅಲುಗಾಡದ ಜೋಡಣೆಗಳಿಗೆ ಸಮ ಅಂತರದಲ್ಲಿ ಮೂರು ಸ್ಕ್ರೂ ಹಾಕಿ, ಬರ್ನರ್ ಹತ್ತಿರವಾದರೆ ಫರ್ನೇಸ್ ಸಿಮೆಂಟ್, ಚಿಮಣಿಯ ಕಡೆಯ ಕಡಿಮೆ ಬಿಸಿಯ ಭಾಗಕ್ಕಾದರೆ 250 ಡಿಗ್ರಿ ತಾಳುವ ಕೆಂಪು ಸಿಲಿಕೋನ್ ಹಚ್ಚಬಹುದು. ಹಚ್ಚುವ ಮುನ್ನ ತುಕ್ಕು, ಮಸಿಗಳನ್ನು ತಂತಿ ಬ್ರಷ್‌ನಿಂದ ಉಜ್ಜಿ ತೆಗೆಯದಿದ್ದರೆ ಯಾವ ಅಂಟೂ ಹಿಡಿಯುವುದಿಲ್ಲ. ನೀರಿನ ಪೈಪಿಗೆ ಬಳಸುವ ಎಪಾಕ್ಸಿ ಅಂಟು ಈ ಬಿಸಿಗೆ ಸುಟ್ಟು, ತಾನೇ ಕೆಟ್ಟ ವಾಸನೆ ಬಿಡುತ್ತದೆ. ಸಗಣಿ ಬೆರೆಸಿದ ಮಣ್ಣೂ ಹಾಗೆಯೇ. ಜಿಐ ತಗಡಿನ ಸತುವಿನ ಲೇಪ 200 ಡಿಗ್ರಿಗಿಂತ ಮೇಲೆ ಬಾಳುವುದಿಲ್ಲವಾದ್ದರಿಂದ ಬರ್ನರ್ ಪಕ್ಕದ ಒಂದೆರಡು ಮೀಟರ್‌ಗೆ ಸಾದಾ ಕಬ್ಬಿಣದ ದಪ್ಪ ತಗಡನ್ನೇ ಬಳಸಬೇಕು.

ಹೊಸದಾಗಿ ಕೊಳವೆ ಮಾಡಿಸುವವರಿಗೆ ನನ್ನ ಸಲಹೆ ಇಷ್ಟು: ಒಣಗಿಸುವ ಕೋಣೆಯೊಳಗೆ ಬಿಚ್ಚುವ ಜೋಡಣೆಯೇ ಬೇಡ. ಕೋಣೆಯೊಳಗಿನ ಭಾಗವನ್ನು ಪೂರ್ತಿ ಬೆಸುಗೆ ಹಾಕಿಸಿ, ಜಾರುವ ಜೋಡಣೆಯನ್ನೂ ಬೂದಿ ತೆಗೆಯುವ ಬಾಗಿಲನ್ನೂ ಗೋಡೆಯ ಹೊರಗೆ ಇರಿಸಿದರೆ, ಸೋರಿದರೂ ಅದು ಬಯಲಿಗೆ ಸೋರುತ್ತದೆ. ಬೆಸುಗೆಯ ಖರ್ಚು ಒಮ್ಮೆ ಮಾತ್ರ. ಮಲಗಿರುವ ಕೊಳವೆ ಚಿಮಣಿಯ ಕಡೆಗೆ ಮೀಟರಿಗೆ 2 ಸೆಂಟಿಮೀಟರ್‌ನಂತೆ ಏರುತ್ತಾ ಹೋಗಬೇಕು. ನಿಂತಿರುವ ಚಿಮಣಿಯಲ್ಲಿ ಮೇಲಿನ ತುಂಡು ಕೆಳಗಿನ ತುಂಡಿನೊಳಗೆ ಇಳಿದಿರಬೇಕು. ಹೊಗೆ ಹೋಗುವ ದಿಕ್ಕನ್ನು ನೋಡಿ ಇದನ್ನು ತಿರುಗುಮುರುಗಾಗಿ ಕೂರಿಸುವುದು ಸಾಮಾನ್ಯ ತಪ್ಪು. ಆಗ ಒಳಗೆ ಹನಿಗಟ್ಟಿದ ಕಪ್ಪು ಜಿಡ್ಡು ಜೋಡಣೆಯಿಂದ ಹೊರಗೆ ಇಳಿದು ಗೋಡೆಯನ್ನೆಲ್ಲ ಕೆಡಿಸುತ್ತದೆ.

ಚಿಮಣಿಯ ತುದಿ ಮತ್ತು ಸ್ವಚ್ಛತೆ

ಚಿಮಣಿಯ ಬಾಯಿ 3 ಮೀಟರ್ ಸುತ್ತಳತೆಯೊಳಗಿನ ಮಾಡಿನ ಯಾವುದೇ ಭಾಗಕ್ಕಿಂತ ಕನಿಷ್ಠ 60 ಸೆಂಟಿಮೀಟರ್ ಮೇಲಿರಬೇಕು. ಮಳೆ ತಡೆಯುವ ಟೋಪಿಯನ್ನು ಕೊಳವೆಗೆ ಒತ್ತಿ ಕೂರಿಸಿದರೆ ಎಳೆತ ಸಾಯುತ್ತದೆ. ನಡುವೆ ಕೊಳವೆಯ ವ್ಯಾಸದ ಅರ್ಧದಷ್ಟಾದರೂ ತೆರವಿರಲಿ. ಅಸ್ತ್ರ ಒಲೆ ಹಾಕಿಸಿಕೊಂಡಿದ್ದ ಮನೆಗಳ ಹಿರಿಯರಿಗೆ ಈ ಮಾತು ಹೊಸದಲ್ಲ: ಕೊಳವೆಯಲ್ಲಿ ಇಲ್ಲಣ ಕಟ್ಟಿದ ದಿನ ಅಡುಗೆಮನೆಗೆ ಹೊಗೆ ಹಿಂದಿರುಗುತ್ತಿತ್ತು. ಪೆಲೆಟ್‌ನಲ್ಲಿ ಮಸಿ ಕಡಿಮೆಯಾದರೂ ಹಾರುಬೂದಿ ಮಲಗಿದ ಕೊಳವೆಯ ತಳದಲ್ಲಿ ಕೂರುತ್ತದೆ. ಮರದ ಪುಡಿಯ ಪೆಲೆಟ್‌ಗಿಂತ ಕೃಷಿ ತ್ಯಾಜ್ಯದ ಪೆಲೆಟ್‌ನಲ್ಲಿ ಬೂದಿ ಹೆಚ್ಚು. ಕೊಯ್ಲಿನ ಪ್ರತಿ ಸುತ್ತಿನ ನಂತರ ಬೂದಿ ತೆಗೆಯಬೇಕು.

ಹಂಗಾಮು ಮುಗಿದ ಮೇಲೆ, ಫೆಬ್ರವರಿಯಲ್ಲಿಯೇ, ಇಡೀ ಕೊಳವೆಯನ್ನು ಗುಡಿಸಿ ಒಣಗಿಸಿಡಬೇಕು. ಹೆಚ್ಚಿನವರು ಈ ಕೆಲಸವನ್ನು ಜುಲೈಗೆ ಮುಂದೂಡುತ್ತಾರೆ. ಬೂದಿಯಲ್ಲಿನ ಪೊಟ್ಯಾಷ್ ಮುಂಗಾರಿನ ತೇವವನ್ನು ಹೀರಿ, ತಗಡಿನ ತಳವನ್ನು ಒಳಗಿನಿಂದ ತಿಂದು ಸೂಜಿಮೊನೆಯ ತೂತುಗಳನ್ನು ಮಾಡುವುದು ಆ ನಡುವಿನ ತಿಂಗಳುಗಳಲ್ಲೇ. ಸಣ್ಣ ಸುತ್ತಿಗೆಯಿಂದ ತಟ್ಟಿದಾಗ ಮಂದ ಸದ್ದು ಬರುವ ತಗಡನ್ನು ತೇಪೆ ಹಾಕದೆ ಬದಲಾಯಿಸಬೇಕು. ತೆಗೆದ ಬೂದಿಯನ್ನು ಎಸೆಯಬೇಡಿ. ನಮ್ಮ ಹುಳಿ ಮಣ್ಣಿನ ತೋಟಗಳಿಗೆ ಅದು ಪೊಟ್ಯಾಷ್ ಮತ್ತು ಸುಣ್ಣದ ಅಂಶ ಎರಡನ್ನೂ ಒದಗಿಸುತ್ತದೆ. ಜುಲೈನಲ್ಲಿ ಮಾಡಬೇಕಾದದ್ದು ಚಿಮಣಿಯ ಟೋಪಿಯಡಿ ಹಕ್ಕಿಗೂಡು, ಕಣಜದ ಗೂಡುಗಳಿವೆಯೇ ಎಂದು ನೋಡುವುದು, ಮತ್ತು ಮೇಲೆ ಹೇಳಿದ ಎರಡು ಪರೀಕ್ಷೆಗಳು.

ಕರೆಂಟು ಹೋದಾಗ

ಮಳೆಗಾಲದ ಮಲೆನಾಡಿನಲ್ಲಿ ಕರೆಂಟು ಯಾವ ಗಳಿಗೆಯಲ್ಲಾದರೂ ಹೋಗಬಹುದು. ಬ್ಲೋವರ್ ನಿಂತರೂ ಉರಿಪಾತ್ರೆಯಲ್ಲಿರುವ ಪೆಲೆಟ್ ಗಾಳಿಯಿಲ್ಲದೆ ಕುಮುಲುತ್ತಾ ದಟ್ಟ ಹೊಗೆಯನ್ನೂ ಕಾರ್ಬನ್ ಮೋನಾಕ್ಸೈಡನ್ನೂ ಉಗುಳುತ್ತದೆ. ಆ ಹೊತ್ತಿನಲ್ಲಿ ಹೊಗೆಯನ್ನು ಹೊರಗೆ ಒಯ್ಯಲು ಚಿಮಣಿಯ ಸಹಜ ಎಳೆತವೊಂದೇ ಉಳಿದಿರುತ್ತದೆ. ಬ್ಲೋವರ್ ಇದೆಯೆಂಬ ಭರವಸೆಯಲ್ಲಿ ಚಿಮಣಿಯನ್ನು ಮೊಟಕುಗೊಳಿಸಿ ಗೋಡೆಯಿಂದ ನೇರ ಹೊರಕ್ಕೆ ತಿರುಗಿಸಿದ ಕೆಲವು ಜೋಡಣೆಗಳನ್ನು ನೋಡಿದ್ದೇನೆ, ಇಂಥವನ್ನು ಒಪ್ಪಲೇಬಾರದು. ಬ್ಲೋವರ್ ಮತ್ತು ಪೆಲೆಟ್ ಸುರಿಯುವ ಮೋಟರಿಗೆ ಅರ್ಧ ಗಂಟೆಯಾದರೂ ಬಾಳುವ ಇನ್ವರ್ಟರ್ ಇದ್ದರೆ ಉರಿಯನ್ನು ಕ್ರಮವಾಗಿ ನಂದಿಸಬಹುದು. ಇಲ್ಲದಿದ್ದರೆ ಪೆಲೆಟ್ ಸುರಿಯುವುದನ್ನು ಕೈಯಿಂದ ತಡೆದು, ಕೋಣೆಯ ಬಾಗಿಲು, ಕಿಂಡಿಗಳನ್ನು ತೆರೆದು ಎಲ್ಲರೂ ಹೊರಗಿರಬೇಕು.

ಬ್ಯಾಟರಿಯಿಂದ ನಡೆಯುವ ಕಾರ್ಬನ್ ಮೋನಾಕ್ಸೈಡ್ ಅಲಾರಂ ಒಂದನ್ನು ರಾತ್ರಿ ಪಾಳಿಯವರು ಕೂರುವ ಜಾಗದಲ್ಲಿ, ಮುಖದ ಮಟ್ಟಕ್ಕೆ ತೂಗುಹಾಕಬೇಕು. ಒಣಗಿಸುವ ಕೋಣೆಯ 50 ಡಿಗ್ರಿ ಬಿಸಿಯಲ್ಲಿ ಅದು ಕೆಡುತ್ತದೆ, ಅಲ್ಲಿಡಬೇಡಿ. ಹೊಗೆ ಪತ್ತೆಹಚ್ಚುವ ಅಲಾರಂ ಬೇರೆ, ಇದು ಬೇರೆ, ಕೊಳ್ಳುವಾಗ ವಿಚಾರಿಸಿ. ಪೆಲೆಟ್ ಚೀಲಗಳನ್ನು ತುಂಬಿದ ಮುಚ್ಚಿದ ಕೋಣೆಯಲ್ಲೂ ಮಲಗಬಾರದು, ಮರದ ಪೆಲೆಟ್ ದಾಸ್ತಾನಿನಲ್ಲಿ ಬೆಂಕಿಯಿಲ್ಲದೆಯೂ ಇದೇ ಅನಿಲ ನಿಧಾನವಾಗಿ ಹೊಮ್ಮುತ್ತದೆ.

ಯಾರಾದರೂ ಒಳಗೆ ಕುಸಿದಿದ್ದರೆ ಒಬ್ಬರೇ ನುಗ್ಗದೆ, ಬಾಗಿಲುಗಳನ್ನು ತೆರೆದು, ಇನ್ನೊಬ್ಬರನ್ನು ಹೊರಗೆ ನಿಲ್ಲಿಸಿಕೊಂಡು ಅವರನ್ನು ಬಯಲಿಗೆ ತರಬೇಕು ಮತ್ತು 108ಕ್ಕೆ ಕರೆ ಮಾಡಬೇಕು. ಆಸ್ಪತ್ರೆಯಲ್ಲಿ "ಹೊಗೆ ಕೋಣೆಯಲ್ಲಿದ್ದರು" ಎಂಬುದನ್ನು ಮೊದಲೇ ತಿಳಿಸಬೇಕು. ಬೆರಳಿಗೆ ಹಾಕುವ ಆಮ್ಲಜನಕ ಮಾಪಕ ಈ ವಿಷಬಾಧೆಯಲ್ಲಿ ಸಹಜ ಅಂಕಿಯನ್ನೇ ತೋರಿಸಬಹುದು. ಅದನ್ನು ನೋಡಿ ಚೇತರಿಸಿಕೊಂಡರೆಂದು ಮನೆಗೆ ಕರೆತರಬಾರದು.